ಇಟ್ಟುಕೊಳ್ಳೋದಾ, ಮಾರೋದಾ? ಫ್ಯಾಂಟಸಿ ಆಟಗಳ ಲೂಟ್‌ಗೊಂದು ಹೋಲಿಕೆ

ವಿಡಿಯೋ ಗೇಮ್‌ನಲ್ಲಿ ಸಿಕ್ಕ ವಸ್ತುವನ್ನು, ಅಂದರೆ ಲೂಟನ್ನು, ಇಟ್ಟುಕೊಳ್ಳಬೇಕೋ ಮಾರಬೇಕೋ ಅಂತ ತೀರ್ಮಾನಿಸುವಾಗ ಹೆಚ್ಚಿನವರು ಮೊದಲು ನೋಡುವುದು ಅದರ ಬೆಲೆಯನ್ನು. ಬೆಲೆ ಜಾಸ್ತಿ ಇದ್ದರೆ ಪೆಟ್ಟಿಗೆಗೆ, ಕಡಿಮೆ ಇದ್ದರೆ ಅಂಗಡಿಗೆ. ಕೇಳೋಕೆ ಸರಿ ಅನ್ನಿಸುತ್ತೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಬೆಲೆ ಬರೆದಿರೋದೇ ಮಾರುವವರಿಗಾಗಿ. ಇಟ್ಟುಕೊಳ್ಳುವವರು ಕೇಳಬೇಕಾದ ಪ್ರಶ್ನೆ ಬೇರೆ: ಇದು ಕೈಬಿಟ್ಟು ಹೋದರೆ ಮತ್ತೆ ಸಿಗುತ್ತಾ?

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಗುಂಪಿದೆ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನೋಕೆ ಸೇರುತ್ತೇವೆ. ಎರಡನೇ ದೋಸೆ ಬರುವಷ್ಟರಲ್ಲಿ ಮಾತು ಆಟಗಳ ಕಡೆ ತಿರುಗಿರುತ್ತೆ. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರುವ ಗೆಳೆಯ ಒಬ್ಬನಿದ್ದಾನೆ. ಅವನು ಸಿಕ್ಕಿದ್ದನ್ನೆಲ್ಲ ಮಾರುತ್ತಾನೆ. 'ಸರಕು ನಿಂತರೆ ನಷ್ಟ' ಅನ್ನೋದು ಅವನ ಮಾತು. ನಮ್ಮಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಏನನ್ನೂ ಮಾರಲ್ಲ. ಸ್ಕೈರಿಮ್ ಅನ್ನೋ ಆಟದಲ್ಲಿ ಅವನ ಮನೆಯ ಪೆಟ್ಟಿಗೆ ತೆರೆದರೆ ಕೆಳಗಿನ ತನಕ ಸ್ಕ್ರೋಲ್ ಮಾಡೋಕೇ ಹೊತ್ತು ಬೇಕು. ಇಬ್ಬರ ಜಗಳ ಕೇಳಿ ಕೇಳಿ ನನಗನ್ನಿಸಿದ್ದು ಇಷ್ಟು: ಇಬ್ಬರೂ ಎಲ್ಲ ಆಟಕ್ಕೂ ಒಂದೇ ನಿಯಮ ಹಾಕುತ್ತಾರೆ. ಆದರೆ ಒಂದೊಂದು ಆಟದ ಲೆಕ್ಕ ಒಂದೊಂದು ಥರ.

ಮೊದಲು ಚೀಲದ ನಿಯಮ ನೋಡಿ

ಆಟ ನಿಮ್ಮನ್ನು ಯಾವುದರಿಂದ ಕಟ್ಟಿಹಾಕುತ್ತೆ ಅನ್ನೋದು ಮೊದಲ ವಿಚಾರ. ತೂಕದಿಂದಲೋ, ಜಾಗದಿಂದಲೋ, ಅಥವಾ ಕಟ್ಟುವುದೇ ಇಲ್ಲವೋ?

2011ರಲ್ಲಿ ಬಂದ ಸ್ಕೈರಿಮ್ ತೂಕದ ಆಟ. ಶುರುವಿಗೆ 300ರಷ್ಟು ಹೊರಬಹುದು. ಲೆವೆಲ್ ಏರಿದಾಗ ಸ್ಟ್ಯಾಮಿನಾ (ದಮ್ಮು) ಆರಿಸಿಕೊಂಡರೆ ಪ್ರತಿ ಸಲ 5 ಸೇರುತ್ತೆ. ಮಿತಿ ದಾಟಿದರೆ ಓಡೋಕಾಗಲ್ಲ, ಫಾಸ್ಟ್ ಟ್ರಾವೆಲ್ (ನಕ್ಷೆಯಿಂದಲೇ ದೂರದ ಜಾಗಕ್ಕೆ ಒಮ್ಮೆಲೇ ಹೋಗೋದು) ಕೂಡ ಇಲ್ಲ. 2015ರ ವಿಚರ್ 3 ಕೂಡ ತೂಕದ್ದೇ. ಅಲ್ಲಿ ಶುರುವಿನ ಮಿತಿ 60. ಕುದುರೆಗೆ ಒಳ್ಳೆ ಜೀನುಚೀಲ ಸಿಕ್ಕಂತೆ ಮಿತಿ ಏರುತ್ತೆ.

ಡಯಾಬ್ಲೊ 2 ಹಾಗಲ್ಲ. ಅಲ್ಲಿ ತೂಕದ ಮಾತೇ ಇಲ್ಲ, ಇರೋದು ಚೌಕಗಳ ಲೆಕ್ಕ. ಚೀಲದಲ್ಲಿ ಹತ್ತು ಅಡ್ಡ, ನಾಲ್ಕು ಉದ್ದ, ಒಟ್ಟು 40 ಮನೆ. ದೊಡ್ಡ ಕವಚ ಒಂದು ಆರು ಮನೆ ತಿನ್ನುತ್ತೆ. ಸಣ್ಣ ಉಂಗುರ ಒಂದೇ ಮನೆ. ಇದರಲ್ಲಿ ಹೊರಾಡ್ರಿಕ್ ಕ್ಯೂಬ್ ಅನ್ನೋ ಡಬ್ಬಿ ಬಲು ಚಂದ: ಹೊರಗೆ ನಾಲ್ಕು ಮನೆ ಹಿಡಿಯುತ್ತೆ, ಒಳಗೆ 12 ಮನೆ ಕೊಡುತ್ತೆ. ಈ ಆಟದಲ್ಲಿ ಚಾರ್ಮ್‌ಗಳು, ಅಂದರೆ ಶಕ್ತಿ ಕೊಡುವ ತಾಯತಗಳು, ಚೀಲದಲ್ಲಿ ಇದ್ದರಷ್ಟೇ ಕೆಲಸ ಮಾಡುತ್ತವೆ. ಅಂದರೆ ಲೂಟ್ ಹಾಕಿಕೊಳ್ಳೋ ಜಾಗಕ್ಕೂ ಶಕ್ತಿಗೂ ನೇರ ಪೈಪೋಟಿ. ಇಲ್ಲಿ ಮಾತ್ರ ಮಂಡಿಪೇಟೆ ಗೆಳೆಯ ಹೇಳೋದು ನೂರಕ್ಕೆ ನೂರು ನಿಜ. ಸರಕು ನಿಂತರೆ ನಷ್ಟ.

ಎಲ್ಡೆನ್ ರಿಂಗ್‌ನಲ್ಲಿ ತೂಕ ಇದೆ, ಆದರೆ ಮೈಮೇಲೆ ತೊಟ್ಟಿದ್ದಕ್ಕೆ ಮಾತ್ರ. ಚೀಲದಲ್ಲಿ ಹತ್ತಾರು ಗದೆ ಇದ್ದರೂ ನೀವು ಏಟು ತಪ್ಪಿಸಿಕೊಳ್ಳೋಕೆ ಅಷ್ಟೇ ಹಗುರವಾಗಿ ಉರುಳಬಹುದು. ಅಲ್ಲಿ ಜಾಗ ಮಾಡಿಕೊಳ್ಳೋಕೆ ಅಂತ ಮಾರೋದಕ್ಕೆ ಅರ್ಥವೇ ಇಲ್ಲ.

ಬಾಲ್ಡರ್ಸ್ ಗೇಟ್ 3 ಕಟ್ಟಿಹಾಕುವ ಆಟಕ್ಕೂ ಕಟ್ಟದ ಆಟಕ್ಕೂ ನಡುವೆ. ಹೊರುವ ಶಕ್ತಿ ಪಾತ್ರದ ಸ್ಟ್ರೆಂಗ್ತ್ ಮೇಲೆ ನಿಂತಿದೆ. ಆದರೆ ಯಾವುದೇ ವಸ್ತುವನ್ನು ಇದ್ದಲ್ಲಿಂದಲೇ ಕ್ಯಾಂಪಿಗೆ ಕಳಿಸಬಹುದು. ಹೀಗಾಗಿ ಇಟ್ಟುಕೊಳ್ಳೋದಕ್ಕೆ ಖರ್ಚೇ ಇಲ್ಲ. ಊಟದ ಸಾಮಾನನ್ನಂತೂ ಹೊತ್ತು ತಿರುಗಲೇಬೇಡಿ. ಕ್ಯಾಂಪಿನ ಪೆಟ್ಟಿಗೆಯಲ್ಲಿದ್ದರೂ ರಾತ್ರಿ ವಿಶ್ರಾಂತಿಗೆ ಅದೇ ಬಳಕೆಯಾಗುತ್ತೆ. ಸಾಮಾನ್ಯ ಮಟ್ಟದಲ್ಲಿ ಒಂದು ವಿಶ್ರಾಂತಿಗೆ 40 ಅಂಕದಷ್ಟು ಊಟದ ಸಾಮಾನು, ಟ್ಯಾಕ್ಟಿಷಿಯನ್ ಅನ್ನೋ ಕಷ್ಟದ ಮಟ್ಟದಲ್ಲಿ 80 ಬೇಕು. ಊಟದ ಸಾಮಾನು ಮಾರಿದರೆ ಸಿಗೋದು ಚಿಲ್ಲರೆ ಕಾಸು. ಅದನ್ನು ಮಾರಲೇಬೇಡಿ.

ತೂಕದ ಲೆಕ್ಕ

ತೂಕ ಇರುವ ಆಟದಲ್ಲಿ ಬರೀ ಬೆಲೆ ನೋಡಿದರೆ ಮೋಸ ಹೋಗುತ್ತೀರಿ. ಬೆಲೆಯನ್ನು ತೂಕದಿಂದ ಭಾಗಿಸಬೇಕು. ನಮ್ಮ ಕಡೆ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಚನ್ನಗಿರಿ ಕಡೆಯ ಅಡಿಕೆ ಕ್ವಿಂಟಲಿಗೆ ಹತ್ತಾರು ಸಾವಿರ, ಮೆಕ್ಕೆಜೋಳ ಎರಡು ಸಾವಿರದ ಆಸುಪಾಸು. ಟ್ರ್ಯಾಕ್ಟರ್ ಟ್ರೇಲರ್ ಮಾತ್ರ ಎರಡಕ್ಕೂ ಅಷ್ಟೇ ದೊಡ್ಡದು. ಗುಹೆಯಿಂದ ಹೊರಗೆ ಬರುವಾಗ ನಿಮ್ಮ ಚೀಲಕ್ಕೆ ಏನು ತುಂಬುತ್ತೀರಿ ಅನ್ನೋದೂ ಇದೇ ಪ್ರಶ್ನೆ.

ಸ್ಕೈರಿಮ್‌ನ ಅಂಕಿಗಳನ್ನೇ ನೋಡಿ. ಕಬ್ಬಿಣದ ಕವಚದ ಬೆಲೆ 125, ತೂಕ 30. ತೂಕಕ್ಕೆ ನಾಲ್ಕು ಗೋಲ್ಡ್. ಸ್ಟೀಲ್ ಪ್ಲೇಟ್ ಕವಚದ ಬೆಲೆ 625. ಆಹಾ ಅನ್ನಿಸುತ್ತೆ, ಆದರೆ ತೂಕ 38. ಬಿದ್ದಿದ್ದು ತೂಕಕ್ಕೆ ಹದಿನಾರು. ಡ್ರ್ಯಾಗನ್ ಮೂಳೆ 500ಕ್ಕೆ 15 ತೂಗುತ್ತೆ, ಅಂದರೆ ತೂಕಕ್ಕೆ 33. ಡ್ರ್ಯಾಗನ್ ಚಿಪ್ಪು 250ಕ್ಕೆ 10, ತೂಕಕ್ಕೆ 25. ದೋಷವಿಲ್ಲದ ವಜ್ರದ ಬೆಲೆ ಒಂದು ಸಾವಿರ, ತೂಕ 0.1. ಇದಕ್ಕೆ ಭಾಗಾಕಾರವೇ ಬೇಡ, ಕಣ್ಣಿಗೆ ಬಿದ್ದ ತಕ್ಷಣ ಎತ್ತಿಕೊಳ್ಳಿ.

ಶುರುವಿನ ಲೆವೆಲ್‌ಗಳಲ್ಲಿ ತೂಕಕ್ಕೆ ಹತ್ತು ಗೋಲ್ಡ್ ಬಾರದ ವಸ್ತುವನ್ನು ನೆಲದಲ್ಲೇ ಬಿಡಿ. ಆಟ ಮುಂದುವರಿದಂತೆ ಈ ಗೆರೆಯನ್ನು ಇಪ್ಪತ್ತಕ್ಕೆ, ಆಮೇಲೆ ಮೂವತ್ತಕ್ಕೆ ಏರಿಸಿ. ಆಗ ಚೀಲ ತಾನಾಗೇ ಹಗುರಾಗುತ್ತೆ. ಔಷಧಿ ಬಾಟಲಿ, ಉಂಗುರ, ಹರಳು ಇವೆಲ್ಲ ಹಗುರ ಸರಕು, ಯಾವತ್ತೂ ಲಾಭ.

ಸ್ಕೈರಿಮ್‌ನಲ್ಲಿ ಡ್ವೆಮರ್ ಅನ್ನೋ ಅಳಿದುಹೋದ ಜನಾಂಗದ ಅವಶೇಷಗಳಲ್ಲಿ ಈ ಲೆಕ್ಕ ಇನ್ನೂ ಮಜಾ. ಅಲ್ಲಿ ಲೋಹದ ಚೂರುಗಳು ರಾಶಿ ಬಿದ್ದಿರುತ್ತವೆ. ಕುಲುಮೆಗೆ ಹಾಕಿದರೆ ಲೋಹದ ಗಟ್ಟಿ ಸಿಗುತ್ತೆ. ಸೊಟ್ಟಗಾದ ಸಣ್ಣ ಚೂರು 2 ತೂಗುತ್ತೆ, ಮೂರು ಗಟ್ಟಿ ಕೊಡುತ್ತೆ. ಆ ದಪ್ಪನೆಯ ಘನ ಲೋಹದ ತುಂಡು 25 ತೂಗುತ್ತೆ, ಕೊಡೋದು ಐದೇ ಗಟ್ಟಿ. ಹೊಸಬರು ದೊಡ್ಡದನ್ನೇ ಎತ್ತಿಕೊಂಡು ಬರುತ್ತಾರೆ. ದೊಡ್ಡದು ಬಿಡಿ, ಸಣ್ಣದನ್ನು ಆರಿಸಿ. ಹಲ್ಲುಚಕ್ರಗಳಂತೂ ನೋಡೋಕೆ ಚಂದ, ಆದರೆ ಕರಗೋದೇ ಇಲ್ಲ. ಅವನ್ನು ಹೊತ್ತು ತರೋದು ಶುದ್ಧ ದಂಡ.

ಇನ್ನೊಂದು ಮಾತು. ಪಟ್ಟಿಯಲ್ಲಿ ಕಾಣುವ ಬೆಲೆ ನಿಮಗೆ ಸಿಗುವ ಬೆಲೆ ಅಲ್ಲ. ಸ್ಪೀಚ್ (ಮಾತುಗಾರಿಕೆ) ಕೌಶಲ ಕಡಿಮೆ ಇದ್ದಾಗ ಅಂಗಡಿಯವನು ಸುಮಾರು ಮೂರನೇ ಒಂದು ಭಾಗ ಕೊಡುತ್ತಾನೆ. ಅವನ ಗಲ್ಲಾಪೆಟ್ಟಿಗೆಯಲ್ಲೂ ಮಿತಿ ಇದೆ. ಸಾಮಾನ್ಯ ಅಂಗಡಿಯವನ ಬಳಿ 750 ಗೋಲ್ಡ್ ಆಸುಪಾಸು ಇರುತ್ತೆ. ಎರಡು ಸಾವಿರ ಬಾಳುವ ಕತ್ತಿಯನ್ನು ಅವನಿಗೆ ಕೊಟ್ಟು 750 ತಗೊಂಡು ಬರೋದು ವ್ಯಾಪಾರ ಅಲ್ಲ, ದಾನ. ಅದರ ಬದಲು ಅವನ ಹತ್ತಿರ ನಿಮಗೆ ಬೇಕಾದ ಬಾಣ, ಸೋಲ್ ಜೆಮ್ (ಮಂತ್ರ ಹಾಕೋಕೆ ಬಳಸುವ ಹರಳು) ಮೊದಲು ಕೊಳ್ಳಿ. ಆಗ ಅವನ ಕೈಗೆ ದುಡ್ಡು ಬರುತ್ತೆ. ಆಮೇಲೆ ಕತ್ತಿ ತೋರಿಸಿ. ಇಲ್ಲದಿದ್ದರೆ ಆಟದ ಲೆಕ್ಕದಲ್ಲಿ 48 ಗಂಟೆ ಕಾಯಿರಿ, ಅವನ ಗಲ್ಲಾ ಮತ್ತೆ ತುಂಬುತ್ತೆ. ಯಾವ ಅಂಗಡಿಯವನು ಬೇಕಾದರೂ ಯಾವ ವಸ್ತುವನ್ನಾದರೂ ಕೊಳ್ಳಬೇಕು ಅಂದರೆ ಸ್ಪೀಚ್ 50 ಆದಾಗ ಸಿಗುವ ಮರ್ಚೆಂಟ್ ಅನ್ನೋ ಪರ್ಕ್ (ವಿಶೇಷ ಸಾಮರ್ಥ್ಯ) ತಗೊಳ್ಳಿ. ವ್ಯಾಪಾರದ ಮನಸ್ಸಿರುವವರಿಗೆ ಅದಕ್ಕಿಂತ ಒಳ್ಳೇದು ಆ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಮಾರೋದಾ, ಒಡೆಯೋದಾ?

ಇಟ್ಟುಕೊಳ್ಳೋದು ಮತ್ತು ಮಾರೋದು, ಇವೆರಡೇ ದಾರಿ ಅಂತ ಅಂದುಕೊಂಡಿದ್ದರೆ ಮೂರನೇದನ್ನು ಮರೆತಿದ್ದೀರಿ. ಒಡೆದು ಬಿಡಿಭಾಗ ಮಾಡಿಕೊಳ್ಳೋದು. ಎಷ್ಟೋ ಆಟಗಳಲ್ಲಿ ಇದೇ ಸರಿಯಾದ ಉತ್ತರ.

ವಿಚರ್ 3 ನೋಡಿ. ಆ ಆಟದ 1.07 ಪ್ಯಾಚ್ (ತಿದ್ದುಪಡಿ) ಬಂದಾಗಿನಿಂದ ಕರಕುಶಲ ಸಾಮಗ್ರಿಗೂ ರಸವಿದ್ಯೆಯ ಸಾಮಗ್ರಿಗೂ ತೂಕವೇ ಇಲ್ಲ. ಸಾಮಾನು ಇಡೋಕೆ ಪೆಟ್ಟಿಗೆ ಬಂದಿದ್ದೂ ಅದೇ ಪ್ಯಾಚ್‌ನಲ್ಲಿ. ಹಾಗಾಗಿ ಭಾರದ ಕತ್ತಿಯನ್ನು ಒಡೆದರೆ ಅದರ ತೂಕ ಮಾಯ, ಒಳಗಿನ ಲೋಹ ನಿಮ್ಮದೇ. ಸಮುದ್ರದ ಚಿಪ್ಪು ಸಿಕ್ಕರೆ ಹಾಗೇ ಮಾರಬೇಡಿ, ಒಡೆಸಿ. ಒಳಗೆ ಮುತ್ತು ಸಿಗುತ್ತೆ, ಅದಕ್ಕೆ ಬೆಲೆ ಜಾಸ್ತಿ. ಮಾರೋದೇ ಆದರೆ ಕತ್ತಿಯನ್ನು ಕಮ್ಮಾರನಿಗೆ, ಕವಚವನ್ನು ಕವಚ ಮಾಡುವವನಿಗೆ ಕೊಡಿ. ಹೆಂಡದಂಗಡಿಯವನಿಗೆ ಕವಚ ಮಾರೋಕೆ ಹೋದರೆ ಅವನು ಕೊಡೋದೂ ಅಷ್ಟರಲ್ಲೇ ಇರುತ್ತೆ.

ಇದೇ ಆಟದಲ್ಲಿ ಹಸುವಿನ ಚರ್ಮದ ಕತೆ ಗೊತ್ತಿರಬೇಕಲ್ವಾ? ಶುರುವಿನ ವೈಟ್ ಆರ್ಚರ್ಡ್ ಹಳ್ಳಿಯಲ್ಲಿ ಹಸುಗಳನ್ನು ಕೊಲ್ಲೋದು, ಧ್ಯಾನ ಮಾಡಿ ಸಮಯ ಕಳೆಯೋದು, ಹಸುಗಳು ಮತ್ತೆ ಬಂದಾಗ ಮತ್ತೆ ಕೊಲ್ಲೋದು, ಚರ್ಮ ಮಾರೋದು. ಜನ ಇದನ್ನೇ ಕಸುಬು ಮಾಡಿಕೊಂಡಿದ್ದರು. ಆಟ ತಯಾರಿಸಿದವರು 1.05 ಪ್ಯಾಚ್‌ನಲ್ಲಿ ಒಂದು ಭಾರಿ ರಾಕ್ಷಸನನ್ನು ತಂದು ಬಿಟ್ಟರು. ಹಸುಗಳನ್ನು ಜಾಸ್ತಿ ಕೊಂದರೆ ಅವನು ಬಂದು ನಿಮ್ಮನ್ನೇ ಮುಗಿಸುತ್ತಾನೆ. ಆ ಲೆವೆಲ್‌ನಲ್ಲಿ ಅವನನ್ನು ಎದುರಿಸೋದು ಕನಸು. ನಮ್ಮ ಗುಂಪಿನಲ್ಲಿ ಇದನ್ನು ಹೇಳಿದಾಗೆಲ್ಲ ಮಂಡಿಪೇಟೆ ಗೆಳೆಯ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ.

ಸ್ಕೈರಿಮ್‌ನಲ್ಲಿ ಒಡೆಯೋದು ಅಂದರೆ ಮಂತ್ರದ ಮೇಜಿನ ಮೇಲೆ ಡಿಸ್ಎನ್ಚಾಂಟ್ ಮಾಡೋದು. ವಸ್ತು ಹೋಗುತ್ತೆ, ಅದರ ಮಂತ್ರ ನಿಮಗೆ ಬರುತ್ತೆ. ಇಲ್ಲಿ ನಿಯಮ ಸುಲಭ. ಹೊಸ ಮಂತ್ರ ಇರುವ ಮೊದಲ ವಸ್ತುವನ್ನು ಎಷ್ಟೇ ಬೆಲೆ ಬಂದರೂ ಮಾರಬೇಡಿ, ಒಡೆಯಿರಿ. ಅದೇ ಮಂತ್ರದ ಎರಡನೇ ವಸ್ತು ಬಂದಾಗ ನೇರ ಅಂಗಡಿಗೆ. ಹೀಗೆ ಕಲಿತ ಮಂತ್ರವನ್ನು ಸಾದಾ ಉಂಗುರಕ್ಕೆ ಹಾಕಿ ಮಾರಿದರೆ ಬರುವ ದುಡ್ಡು ಮೂಲ ವಸ್ತುವಿಗಿಂತ ಎಷ್ಟೋ ಪಾಲು ಜಾಸ್ತಿ.

ಡಯಾಬ್ಲೊ 4ರಲ್ಲಿ 2024ರ ಮೇ ತಿಂಗಳಿನ ಬದಲಾವಣೆ ಆದಮೇಲೆ ಈ ಗೊಂದಲವೇ ಉಳಿದಿಲ್ಲ. ಲೆಜೆಂಡರಿ (ಮೇಲ್ದರ್ಜೆಯ) ವಸ್ತುವನ್ನು ಒಡೆದರೆ ಅದರ ವಿಶೇಷ ಶಕ್ತಿ ನಿಮ್ಮ ಪುಸ್ತಕದಲ್ಲಿ ದಾಖಲಾಗುತ್ತೆ. ಬೇಡದ ಲೆಜೆಂಡರಿಯನ್ನು ಒಡೆಯಿರಿ, ಚಿನ್ನ ತೀರಾ ಕಡಿಮೆ ಇದ್ದಾಗ ಮಾತ್ರ ಮಾರಿ.

ಮತ್ತೆ ಸಿಗದ ವಸ್ತುಗಳು

ಜಗಳ ಬರೋದೇ ಇಲ್ಲಿ. ಅಕ್ಕನ ಮಗ ಒಂದು ದಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. 'ಮಾಮಾ, ಹತ್ತು ಕರಡಿ ಚರ್ಮ ಇಟ್ಕೊಂಡೀನಿ. ಇದಕ್ಕೇನರ ಉಪಯೋಗ ಐತಾ, ಇಲ್ಲ ಮಾರ್ಲಾ?' ಅಂದ. ಉಪಯೋಗ ಐತಿ. ಸ್ಕೈರಿಮ್‌ನ ಐವರ್‌ಸ್ಟೆಡ್ ಹಳ್ಳಿಯ ಟೆಂಬಾ ಅನ್ನೋ ಹೆಂಗಸು ಸರಿಯಾಗಿ ಹತ್ತೇ ಚರ್ಮ ಕೇಳುತ್ತಾಳೆ. ರಿಫ್ಟನ್‌ನ ಕಮ್ಮಾರ ಬಾಲಿಮುಂಡ್ ಹತ್ತು ಫೈರ್ ಸಾಲ್ಟ್ ಕೇಳುತ್ತಾನೆ. ವೈಟ್‌ರನ್‌ನ ಇಸೋಲ್ಡಾಳಿಗೆ ಒಂದು ಮ್ಯಾಮತ್ ದಂತ ಬೇಕು. ಇಂಥ ಪುಡಿ ಕೆಲಸಗಳಿಗೆ ಅಂತ ಒಂದಿಷ್ಟು ಸಾಮಾನು ಇಡೋದು ತಪ್ಪಲ್ಲ. ಆದರೆ ಇವೆಲ್ಲ ಮತ್ತೆ ಸಿಗುವಂಥವು. ಕರಡಿ ಎಲ್ಲಿಗೆ ಹೋಗುತ್ತೆ? ತೂಕ ತಡೆಯೋಕಾಗದಿದ್ದರೆ ಮಾರಿ, ಚಿಂತೆ ಇಲ್ಲ.

ಡೇಡ್ರಾ ಅನ್ನೋ ರಾಕ್ಷಸ ಜಾತಿಯ ಹೃದಯದ ವಿಚಾರ ಬೇರೆ. ಬೆಲೆ 250, ತೂಕ ಅರ್ಧ. ತೂಕದ ಲೆಕ್ಕದಲ್ಲಿ ಮಾರೋಕೆ ಇದು ಬಲು ಒಳ್ಳೆ ಸರಕು. ಆದರೂ ಮಾರಬೇಡಿ. ಡೇಡ್ರಿಕ್ ಕವಚ, ಡೇಡ್ರಿಕ್ ಕತ್ತಿ ಮಾಡೋಕೆ ಒಂದೊಂದಕ್ಕೂ ಒಂದು ಹೃದಯ ಬೇಕು, ಮತ್ತು ಇದು ಸಿಗೋ ಜಾಗಗಳು ಕಡಿಮೆ. ಬೆಲೆಯ ಪ್ರಶ್ನೆ ಒಂದು ಉತ್ತರ ಹೇಳುತ್ತೆ, 'ಮತ್ತೆ ಸಿಗುತ್ತಾ' ಅನ್ನೋ ಪ್ರಶ್ನೆ ಇನ್ನೊಂದು ಹೇಳುತ್ತೆ. ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆದಾಗ ಎರಡನೇದರ ಮಾತು ಕೇಳಿ. ಡ್ರ್ಯಾಗನ್ ಮೂಳೆಗೆ ಮಾತ್ರ ಈ ಭಯ ಬೇಡ. ಡ್ರ್ಯಾಗನ್‌ಗಳು ಬರ್ತಾನೇ ಇರುತ್ತವೆ. ಅದರ ಕವಚ ಮಾಡೋಕೆ ಸ್ಮಿತಿಂಗ್ (ಕಮ್ಮಾರಿಕೆ) ಕೌಶಲ 100 ಆಗಬೇಕು. ಅಲ್ಲಿಯ ತನಕ ಸಿಕ್ಕ ಮೂಳೆ ಮಾರಿ ದುಡ್ಡು ಮಾಡಿಕೊಂಡರೆ ಏನೂ ಕೆಡಲ್ಲ. 90 ದಾಟಿದ ಮೇಲೆ ಕೂಡಿಡೋಕೆ ಶುರು ಮಾಡಿ.

ವಿಚರ್ 3ರಲ್ಲಿ ಜನ ಅತಿ ಜಾಸ್ತಿ ಪೇಚಾಡೋದು ಹಳೇ ವಿಚರ್ ಕವಚ ಮಾರಿದ್ದಕ್ಕೆ. ಗ್ರಿಫಿನ್, ಕ್ಯಾಟ್, ಬೇರ್, ವುಲ್ಫ್, ಯಾವ ಪಂಥದ್ದೇ ಆಗಲಿ, ಮುಂದಿನ ದರ್ಜೆಯ ಕವಚ ಮಾಡೋಕೆ ಹಿಂದಿನ ದರ್ಜೆಯದೇ ಬೇಕು. ನಕ್ಷೆ ಸಿಕ್ಕಿ, ಸಾಮಗ್ರಿ ಎಲ್ಲ ಕೂಡಿಸಿ, ಕಮ್ಮಾರನ ಹತ್ತಿರ ಹೋದಾಗ ಹಳೆಯದು ಇಲ್ಲ ಅಂದರೆ ಮೊದಲಿನಿಂದ ಮತ್ತೆ ಮಾಡಿಸಬೇಕು. ಇದೇ ಥರ ರಾಕ್ಷಸರ ಹೆಸರು ಹೊತ್ತ ಮ್ಯುಟಜೆನ್‌ಗಳನ್ನು (ಅವರ ದೇಹದಿಂದ ಸಿಗುವ ಸತ್ವ) ಒಂದೊಂದಾದರೂ ಉಳಿಸಿ, ಕಷಾಯ ಮಾಡೋಕೆ ಅವೇ ಬೇಕು. ಸಾಮಾನ್ಯ ಕತ್ತಿಗಳು? ಹಿಂದೆ ಮುಂದೆ ನೋಡದೆ ಮಾರಿ. ಎರಡು ಲೆವೆಲ್ ಏರಿದರೆ ಅದಕ್ಕಿಂತ ಒಳ್ಳೇದು ದಾರಿಯಲ್ಲೇ ಬಿದ್ದಿರುತ್ತೆ.

ಬಾಲ್ಡರ್ಸ್ ಗೇಟ್ 3ರಲ್ಲಿ ಇದಕ್ಕೊಂದು ತಮಾಷೆಯ ತಿರುವು ಇದೆ. ಅಲ್ಲಿ ಗೇಲ್ ಅನ್ನೋ ಮಾಂತ್ರಿಕ ಜೊತೆಗಾರ ಮೊದಲ ಅಂಕದಲ್ಲಿ ನಿಮ್ಮ ಹತ್ತಿರ ಮಂತ್ರದ ವಸ್ತು ಕೇಳುತ್ತಾನೆ. ಕೊಟ್ಟರೆ ಅದರ ಶಕ್ತಿಯನ್ನು ತಾನೇ ಹೀರಿಕೊಳ್ಳುತ್ತಾನೆ. ಒಂದಲ್ಲ, ಮೂರು ಸಲದ ತನಕ ಕೇಳುತ್ತಾನೆ. ಆಗ ಕೊಡೋಕೆ ಅಂತ ಯಾರಿಗೂ ಬೇಡದ, ಹಸಿರು ಬಣ್ಣದ ಎರಡು ಮೂರು ಮಂತ್ರದ ಸಾಮಾನು ಮಾರದೆ ಇಟ್ಟಿರಿ. ಇಲ್ಲದಿದ್ದರೆ ಒಳ್ಳೇದನ್ನೇ ಕೊಡಬೇಕಾಗುತ್ತೆ. ಅಂದರೆ ಕೆಲವು ವಸ್ತುಗಳನ್ನು ಅವು ಕಳಪೆ ಅನ್ನೋ ಕಾರಣಕ್ಕೇ ಉಳಿಸಿಕೊಳ್ಳಬೇಕು! ಇನ್ಫರ್ನಲ್ ಐರನ್ ಸಿಕ್ಕರೆ ಮಾರಲೇಬೇಡಿ. ಕಾರ್ಲಾಕ್ ಅನ್ನೋ ಜೊತೆಗಾರ್ತಿಯ ಎದೆಯ ಇಂಜಿನ್ ರಿಪೇರಿಗೆ ಕಮ್ಮಾರ ಡ್ಯಾಮನ್‌ಗೆ ಅದು ಬೇಕು, ಅದೂ ಎರಡು ಸಲ. ಗೇಲ್ ಇನ್ನೂ ಕಲಿಯದ ಮಂತ್ರದ ಸುರುಳಿಗಳನ್ನೂ ಇಡಿ. ಅವನು ಒಂದಿಷ್ಟು ಚಿನ್ನ ಖರ್ಚು ಮಾಡಿ ಅವುಗಳಿಂದ ಕಲಿತುಕೊಳ್ಳಬಹುದು.

ಸ್ಕೈರಿಮ್‌ನ ಬರೆಂಜಿಯಾ ಹರಳುಗಳ ಬಗ್ಗೆ ಕೇಳಬೇಡಿ. ಒಟ್ಟು 24. ಮಾರೋಕೂ ಆಗಲ್ಲ, ಬಿಸಾಡೋಕೂ ಆಗಲ್ಲ. ಆಟವೇ ನಿಮ್ಮ ಪರವಾಗಿ ತೀರ್ಮಾನ ಮಾಡಿಬಿಟ್ಟಿದೆ.

ಎಲ್ಡೆನ್ ರಿಂಗ್‌ನ ದೊಡ್ಡ ಬಾಸ್‌ಗಳನ್ನು (ಮುಖ್ಯ ಶತ್ರುಗಳನ್ನು) ಸೋಲಿಸಿದಾಗ ರಿಮೆಂಬ್ರೆನ್ಸ್ ಅನ್ನೋ ವಸ್ತು ಸಿಗುತ್ತೆ. ಅದನ್ನು ಹಾಗೇ ಒಡೆದು ರೂನ್ (ಆ ಆಟದ ದುಡ್ಡು) ಮಾಡಿಕೊಳ್ಳಬಹುದು, ಅಥವಾ ಎನಿಯಾ ಅನ್ನೋ ಮುದುಕಿಗೆ ಕೊಟ್ಟು ಆ ಬಾಸ್‌ನ ಆಯುಧವನ್ನೋ ಮಂತ್ರವನ್ನೋ ಪಡೆಯಬಹುದು. ನನ್ನ ತೀರ್ಮಾನ ಖಡಾಖಂಡಿತ: ಎನಿಯಾ ಹತ್ತಿರ ಹೋಗಿ. ರೂನ್ ನಾಳೆಯೂ ಸಿಗುತ್ತೆ. ಎರಡೂ ಬೇಕೆಂಬ ಆಸೆ ಇದ್ದರೆ ನಡೆದಾಡುವ ಸಮಾಧಿಗಳನ್ನು ಹುಡುಕಿ, ಅಲ್ಲಿ ರಿಮೆಂಬ್ರೆನ್ಸ್‌ನ ನಕಲು ಮಾಡಿಕೊಳ್ಳಬಹುದು. ಲಾರ್ವಲ್ ಟಿಯರ್ ಕೂಡ ಎಣಿಸಿದಷ್ಟೇ ಸಿಗುವ ವಸ್ತು. ಪಾತ್ರದ ಅಂಕಗಳನ್ನು ಮತ್ತೆ ಹಂಚಿಕೊಳ್ಳೋಕೆ ಅದೇ ಬೇಕು.

ದುಡ್ಡಿಗೆ ಬೆಲೆ ಎಷ್ಟು ದಿನ?

ಮಾರುವವರ ಗುಂಪು ಮರೆಯುವ ವಿಚಾರ ಇದು. ಹೆಚ್ಚಿನ ಆಟಗಳಲ್ಲಿ ದುಡ್ಡಿಗೆ ಬೆಲೆ ಇರೋದು ಮೊದಲ ಅರ್ಧದಲ್ಲಿ ಮಾತ್ರ. ಸ್ಕೈರಿಮ್‌ನಲ್ಲಿ ಶುರುವಿಗೆ ವೈಟ್‌ರನ್‌ನ ಬ್ರೀಜ್‌ಹೋಮ್ ಮನೆ ಕೊಳ್ಳೋಕೆ 5000 ಗೋಲ್ಡ್ ಅಂದಾಗ ಎದೆ ಧಸಕ್ ಅನ್ನುತ್ತೆ. ಕೊನೆಗೆ ಸಾಲಿಟ್ಯೂಡ್‌ನ 25,000ದ ಬಂಗಲೆಯನ್ನೂ ಕೊಂಡ ಮೇಲೆ ಏನು ಮಾಡ್ತೀರಿ? ದುಡ್ಡು ಸುಮ್ನೆ ಕೂತಿರುತ್ತೆ. ಹಾಗಾಗಿ ಮೊದಲ ಅರ್ಧದಲ್ಲಿ ಧೈರ್ಯವಾಗಿ ಮಾರಿ, ಆಮೇಲೆ ಇಷ್ಟ ಬಂದಿದ್ದನ್ನು ಇಟ್ಟುಕೊಳ್ಳಿ. ನಮ್ಮ ಹುಡುಗ ಮಾಡೋದು ಇದಕ್ಕೆ ವಿರುದ್ಧ. ದುಡ್ಡು ಬೇಕಾದಾಗ ಕೂಡಿಡುತ್ತಾನೆ, ದುಡ್ಡು ಬೇಡವಾದಾಗ ಮಾರೋಕೆ ಹೊರಡುತ್ತಾನೆ.

ವಿಚರ್ 3 ಇದಕ್ಕೆ ಹೊರತು. ಹಾರ್ಟ್ಸ್ ಆಫ್ ಸ್ಟೋನ್ ವಿಸ್ತರಣೆಯಲ್ಲಿ ಆಯುಧ, ಕವಚಗಳಿಗೆ ರೂನ್ ಅನ್ನೋ ಮಂತ್ರಾಕ್ಷರ ಕೆತ್ತುವ ಒಬ್ಬ ಕುಶಲಿ ಬರುತ್ತಾನೆ. ಅವನ ಅಂಗಡಿ ಪೂರ್ತಿ ನಿಲ್ಲಬೇಕು ಅಂದರೆ ಮೊದಲು 5000, ಆಮೇಲೆ 10,000, ಆಮೇಲೆ 15,000 ಕ್ರೌನ್ ಕೊಡಬೇಕು. ಒಟ್ಟು ಮೂವತ್ತು ಸಾವಿರ. ಆ ವಿಸ್ತರಣೆ ಆಡುವ ಯೋಚನೆ ಇದ್ದರೆ ಕೊನೆಯ ತನಕ ಮಾರ್ತಾನೇ ಇರಿ.

ಎಲ್ಡೆನ್ ರಿಂಗ್‌ನಲ್ಲಿ ದುಡ್ಡೂ ಅನುಭವದ ಅಂಕವೂ ಒಂದೇ, ರೂನ್. ಹಾಗಂತ ಕತ್ತಿ ಮಾರಿ ಲೆವೆಲ್ ಏರಿಸುವ ಆಸೆ ಬೇಡ, ಒಂದು ಕತ್ತಿಗೆ ಸಿಗೋದು ಚಿಲ್ಲರೆ. ಆದರೆ ಗೋಲ್ಡನ್ ರೂನ್ ಅನ್ನೋ ವಸ್ತುಗಳ ವಿಚಾರದಲ್ಲಿ ಜಾಣತನ ಬೇಕು. ಕೈಯಲ್ಲಿರುವ ರೂನ್ ಸತ್ತರೆ ಅಲ್ಲೇ ಬಿದ್ದುಹೋಗುತ್ತೆ. ವಾಪಸ್ ಹೋಗಿ ಎತ್ತಿಕೊಳ್ಳುವ ಮುಂಚೆ ಇನ್ನೊಮ್ಮೆ ಸತ್ತರೆ ಪೂರ್ತಿ ಹೋಯ್ತು. ಗೋಲ್ಡನ್ ರೂನ್ ಮಾತ್ರ ಚೀಲದಲ್ಲಿ ಹಾಗೇ ಉಳಿಯುತ್ತೆ. ಅಂಗಡಿಯ ಮುಂದೆ ನಿಂತಾಗಲೋ, ಲೆವೆಲ್‌ಗೆ ಸ್ವಲ್ಪ ಕಡಿಮೆ ಬಿದ್ದಾಗಲೋ ಮಾತ್ರ ಅದನ್ನು ಒಡೆಯಿರಿ.

ಡಯಾಬ್ಲೊ ಸರಣಿಯಲ್ಲಿ ಚಿನ್ನದ ಪಾಡು ಇನ್ನೂ ವಿಚಿತ್ರ. ಎರಡನೇ ಆಟದಲ್ಲಿ ಚಿನ್ನಕ್ಕೆ ಬೆಲೆಯೇ ಇಲ್ಲದಂತಾಗಿ ಆಟಗಾರರು ಸ್ಟೋನ್ ಆಫ್ ಜೋರ್ಡನ್ ಅನ್ನೋ ಉಂಗುರವನ್ನೇ ನಾಣ್ಯದ ಹಾಗೆ ಬಳಸುತ್ತಿದ್ದರು. 2012ರ ಮೂರನೇ ಆಟದಲ್ಲಿ ಹರಾಜು ಮಾರುಕಟ್ಟೆ ತಂದರು. ನಿಜವಾದ ದುಡ್ಡಿನಲ್ಲೂ ವಸ್ತು ಮಾರಬಹುದಿತ್ತು. ಆಗ ಜನ ರಾಕ್ಷಸರನ್ನು ಹೊಡೆಯೋದು ಬಿಟ್ಟು ಮಾರುಕಟ್ಟೆ ನೋಡುತ್ತಾ ಕೂತರು. 2014ರ ಮಾರ್ಚ್ 18ರಂದು ಅದನ್ನು ಮುಚ್ಚಿದರು. ಮುಚ್ಚಿದ್ದು ಒಳ್ಳೇದೇ ಆಯ್ತು.

ಔಷಧಿ ಬಾಟಲಿ ವಿಚಾರ

ಇದರಲ್ಲಿ ನಾನು ಎರಡೂ ಗುಂಪಿನ ವಿರುದ್ಧ. ದೊಡ್ಡ ಔಷಧಿ, ಎಲಿಕ್ಸರ್, ಬಲು ಅಪರೂಪದ ಸುರುಳಿ ಇವನ್ನು ಮಾರಲೂ ಬೇಡಿ, ಇಡಲೂ ಬೇಡಿ. ಬಳಸಿ. ಕೊನೆಯ ಬಾಸ್‌ಗೆ ಇರಲಿ ಅಂತ ಇಟ್ಟು, ಕೊನೆಯ ಬಾಸ್ ಸತ್ತ ಮೇಲೂ ಚೀಲದಲ್ಲಿ ಮೂವತ್ತು ಬಾಟಲಿ ಉಳಿಸಿಕೊಂಡವರು ಎಷ್ಟು ಮಂದಿ! ಕಷ್ಟದ ಹೋರಾಟ ಯಾವುದು ಅಂತ ಮೊದಲೇ ಗೊತ್ತಾಗಲ್ಲ. ಮೂರು ಸಲ ಸೋತಿರೋ ಬಾಸ್ ಇದ್ದರೆ ಅದೇ ಕಷ್ಟದ ಹೋರಾಟ. ಬಾಟಲಿ ತೆಗೆಯಿರಿ.

ವಿಚರ್ 3 ಈ ತೊಂದರೆಗೆ ಚಂದದ ಉಪಾಯ ಹುಡುಕಿದೆ. ಒಮ್ಮೆ ಔಷಧಿ ಮಾಡಿದರೆ ಸಾಕು, ಆಮೇಲೆ ಧ್ಯಾನಕ್ಕೆ ಕೂತಾಗಲೆಲ್ಲ ತಾನೇ ತುಂಬಿಕೊಳ್ಳುತ್ತೆ. ಅದಕ್ಕೆ ಬೇಕಾಗಿರೋದು ಚೀಲದಲ್ಲಿ ಒಂದಿಷ್ಟು ಗಟ್ಟಿ ಸಾರಾಯಿ. ಬಿಯರ್, ವೈನ್ ಮಾರಿ. ಡ್ವಾರ್ವನ್ ಸ್ಪಿರಿಟ್, ಆಲ್ಕೋಹೆಸ್ಟ್ ಥರದ್ದನ್ನು ಒಂದಷ್ಟು ಉಳಿಸಿ.

ಎಲ್ಲಿ ಇಡಬೇಕು, ಮಾರಿದ್ದು ವಾಪಸ್ ಬರುತ್ತಾ?

ಇಟ್ಟುಕೊಳ್ಳೋದು ಅಂತ ತೀರ್ಮಾನಿಸಿದ ಮೇಲೆ ಕಂಡ ಕಂಡ ಪೀಪಾಯಿಗೆ ಹಾಕಬೇಡಿ. ಸ್ಕೈರಿಮ್‌ನಲ್ಲಿ ಬೀದಿಯ, ಗುಹೆಯ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಕೆಲವು ದಿನಗಳಲ್ಲಿ ತಾವೇ ಖಾಲಿಯಾಗಿ ಹೊಸ ಸಾಮಾನು ತುಂಬಿಕೊಳ್ಳುತ್ತವೆ. ನೀವು ಹಾಕಿದ್ದು ಹೋಯ್ತು ಅಂತಲೇ ಲೆಕ್ಕ. ಸ್ವಂತ ಮನೆಯ ಪೆಟ್ಟಿಗೆ ಮಾತ್ರ ಕ್ಷೇಮ. ಶುರುವಿನಲ್ಲೇ ಬ್ರೀಜ್‌ಹೋಮ್ ಕೊಳ್ಳಿ ಅನ್ನೋದು ಅದಕ್ಕೇ. ಒಂದು ಪೆಟ್ಟಿಗೆ ಆಯುಧಕ್ಕೆ, ಒಂದು ಗಿಡಮೂಲಿಕೆಗೆ, ಒಂದು ಲೋಹಕ್ಕೆ ಅಂತ ಬೇರೆ ಮಾಡಿ. ನಿರ್ನ್‌ರೂಟ್ ಥರದ ಗಿಡಗಳನ್ನು ರುಚಿ ನೋಡೋಕೆ ಅಂತ ಖಾಲಿ ಮಾಡಬೇಡಿ. ಅದರ ಕೆಂಪು ಜಾತಿಯನ್ನು ಒಂದು ಕೆಲಸಕ್ಕೆ 30ರಷ್ಟು ಕೇಳುತ್ತಾರೆ.

ಬಾಲ್ಡರ್ಸ್ ಗೇಟ್ 3ರಲ್ಲಿ ಮಾರಬೇಕಾದ ವಸ್ತುವನ್ನು ಸಿಕ್ಕ ತಕ್ಷಣವೇ ವೇರ್ಸ್ (ಮಾರೋ ಸರಕು) ಅಂತ ಗುರುತು ಮಾಡಿಟ್ಟರೆ ಅಂಗಡಿಯಲ್ಲಿ ಎಲ್ಲವನ್ನೂ ಒಂದೇ ಗುಂಡಿ ಒತ್ತಿ ಮಾರಬಹುದು. ತೀರ್ಮಾನ ಗುಹೆಯಲ್ಲೇ ಮುಗಿದುಹೋಗುತ್ತೆ. ಇದು ಎಲ್ಲ ಆಟಗಳಲ್ಲೂ ಇರಬೇಕಿತ್ತು.

ಇನ್ನು ನೆನಪಿಗೆ ಅಂತ ಇಟ್ಟುಕೊಳ್ಳುವ ವಸ್ತುಗಳು. ಮೊದಲ ಡ್ರ್ಯಾಗನ್ ಹೊಡೆದ ಕತ್ತಿ, ಸತ್ತ ಜೊತೆಗಾರನ ಗುರಾಣಿ. ಇವಕ್ಕೆ ಯಾವ ಲೆಕ್ಕವೂ ಬೇಡ. ಮನೆ ಗೋಡೆಗೆ ನೇತುಹಾಕೋ ಸೌಲಭ್ಯ ಇದ್ದರೆ ನೇತುಹಾಕಿ. ಮಂಡಿಪೇಟೆ ಗೆಳೆಯನೂ ಒಂದು ಮುರುಕು ಕೊಡಲಿಯನ್ನು ಇನ್ನೂ ಮಾರಿಲ್ಲ. ಕೇಳಿದರೆ ಮಾತು ಬದಲಿಸುತ್ತಾನೆ.

ಗೊಂದಲ ಇದ್ದಾಗ ಮಾರುವ ಮುಂಚೆ ಸೇವ್ ಮಾಡಿ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲವಾದ್ದರಿಂದ ನಮಗಂತೂ ಅದು ಹೇಗೂ ಅಭ್ಯಾಸ. ವಿಚರ್ 3, ಬಾಲ್ಡರ್ಸ್ ಗೇಟ್ 3 ಎರಡರಲ್ಲೂ ಮಾರಿದ ವಸ್ತುವನ್ನು ಅದೇ ಅಂಗಡಿಯವನಿಂದ ವಾಪಸ್ ಕೊಳ್ಳಬಹುದು, ಬೆಲೆ ಜಾಸ್ತಿ ಕೊಡಬೇಕು ಅಷ್ಟೇ. ಸ್ಕೈರಿಮ್‌ನಲ್ಲಿ ಅಂಗಡಿಯ ಸರಕು ಬದಲಾಗುವ ಮುಂಚೆ ಹೋಗಬೇಕು. ಎಲ್ಡೆನ್ ರಿಂಗ್‌ನಲ್ಲಿ ವಾಪಸ್ ಕೊಳ್ಳೋ ದಾರಿ ಇಲ್ಲ. ಆಟ ತಾನೇ ಸೇವ್ ಮಾಡಿಕೊಳ್ತಾ ಹೋಗೋದರಿಂದ ಹಿಂದಿನ ಸೇವ್‌ಗೆ ಹೋಗೋಕೂ ಆಗಲ್ಲ. ಅಲ್ಲಿ ಒಂದೇ ಆಯುಧ ಎರಡೆರಡು ಇದ್ದರೆ ಒಂದನ್ನು ಮಾರಿ, ಒಂದೇ ಇದ್ದರೆ ಪೆಟ್ಟಿಗೆಗೆ ಹಾಕಿ.